ಸೂರಿನ ಹನಿ ಬೀಳುವಲ್ಲಿ

೧೯೬೩ರ ಶ್ರಾವಣದಲ್ಲಿ ಟಿಕೋಟಾದ ಹುಚ್ಚವ್ವ ಇಬ್ರಾಹಿಂಪುರಕ್ಕೆ ಬಂದು ಹಾಜಿರಾಬಿ ಬಾಯಾರ ಮುಂದೆ ಕುಳಿತು ಅತ್ತಳು. ಬಾಯಾರು ಇಂಗ್ಲಿಷ್ ಕಲಿಸುತ್ತಿದ್ದರು. ಅದೇ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಬಿಡಿಸಲಾಗದ ಸಂಗತಿಗಳನ್ನು ಜನ ಅವರ ಬಳಿಗೇ ತರುತ್ತಿದ್ದರು.

ಹಿಂದಿನ ಸಂಜೆ ಹೊನವಾಡದ ನಿವೃತ್ತ ಇಂಗ್ಲಿಷ್ ಮಾಸ್ತರ ರಾಮಲಿಂಗಪ್ಪ ತಲೆಗೆ ಪೆಟ್ಟಾಗಿ ತಮ್ಮ ಮನೆಯಲ್ಲೇ ಸತ್ತಿದ್ದರು. ಪ್ರಾಣ ಹೋಗುವ ಮುನ್ನ ದಿನಚರಿಯಲ್ಲಿ ಅವರು ಕೊನೆಗೆ ಬರೆದದ್ದು ಒಂದೇ ಇಂಗ್ಲಿಷ್ ಪದ: ಈವ್ಸ್‌ಡ್ರಾಪರ್. ಈವ್ಸ್ ಎಂದರೆ ಸೂರು, ಡ್ರಾಪ್ ಎಂದರೆ ಬೀಳುವುದು. ಸೂರಿನಿಂದ ಇಳಿದವನೇ ಕೊಂದಿದ್ದಾನೆಂದು ಫೌಜದಾರರು ತೀರ್ಮಾನಿಸಿದ್ದರು. ಆ ದಿನ ತಗಡು ರಿಪೇರಿಗೆ ಹೋಗಿದ್ದ ಕರೆಪ್ಪ, ಹುಚ್ಚವ್ವನ ಗಂಡ, ಲಾಕಪ್ಪಿನಲ್ಲಿದ್ದ.

"ಮಳಿ ಸುರು ಆಗೂದ್ರಾಗ ನಮ್ಮನಿಯವ್ರು ಟಿಕೋಟಾಕ್ಕ ಬಂದು ಮನ್ಯಾಗ ಇದ್ರರಿ," ಎಂದಳು ಹುಚ್ಚವ್ವ.

ಮರುದಿನ ಬಸ್ಸಿನಲ್ಲಿ ಹೊನವಾಡಕ್ಕೆ ಹೋದೆವು. ಮತ್ತೆ ಮಳೆ ಬಿದ್ದಿರಲಿಲ್ಲ. ತುಕ್ಕು ಹಿಡಿದ ತಗಡಿನ ಕೆಳಗೆ, ಸೂರಿನ ಹನಿಗಳು ಮಣ್ಣಿನಲ್ಲಿ ಸಾಲಾಗಿ ಗುಳಿ ತೋಡಿದ್ದವು. ಕಿಟಕಿಯ ಮುಂದೆ ಮಾತ್ರ ಆ ಸಾಲು ಒಂದು ಮೊಳದಷ್ಟು ತುಂಡಾಗಿತ್ತು. ಹಿತ್ತಲಲ್ಲಿ ಒಗೆದು ಹಾಕಿದ್ದ ಬಿಳಿ ಅಂಗಿಯ ಹೆಗಲ ಮೇಲೆ ಕೆಂಪು ಕಲೆಯಿತ್ತು. ಅದು ಚಿಕ್ಕಪ್ಪ ಅಮೋಘಿಯದೆಂದು ಮಾಸ್ತರರ ಮಗಳು ಹೊಳೆವ್ವ ಹೇಳಿದಳು.

ಹೊಳೆವ್ವ ಎಳೆಯ ವಿಧವೆ. ಆ ಸಂಜೆ ಮಳೆ ಸುರಿಯುವಾಗ ತಂದೆ ನಿಡೋಣಿಯ ಒಬ್ಬರ ಜೊತೆ ಅವಳ ಮರುಮದುವೆಯ ಮಾತು ಮುಗಿಸಿದ್ದರು. ಮಳೆ ನಿಂತು ಅತಿಥಿ ಹೊರಟಾಗ ಅವಳು ದನದ ಕೊಟ್ಟಿಗೆಗೆ ಹೋಗಿದ್ದಳು. ಚಿಕ್ಕಪ್ಪನಿಗೆ ಯಾರೂ ಇನ್ನೂ ಹೇಳಿರಲಿಲ್ಲವಂತೆ. ಆದರೆ ನಮ್ಮನ್ನು ಎದುರುಗೊಂಡ ಅಮೋಘಿ ತಾನಾಗಿಯೇ, ಇನ್ನು ನಿಡೋಣಿಯ ಸಂಬಂಧ ಮುರಿದಂತೆಯೇ ಎಂದಿದ್ದ.

ಸಂಜೆ ಫೌಜದಾರರನ್ನೂ ಮನೆಯವರನ್ನೂ ಬಾಯಾರು ಪಡಸಾಲೆಯಲ್ಲಿ ಕೂಡಿಸಿದರು.

"ಸಾಹೇಬ್ರ, ಇದು ಸೂರಿನಿಂದ ಬಿದ್ದಾವನ ಹೆಸರಲ್ರಿ. ಹಳೇ ಇಂಗ್ಲಿಷಿನಾಗ ಈವ್ಸ್‌ಡ್ರಾಪ್ ಅಂದ್ರ ಸೂರಿನ ನೀರು ಬೀಳೂ ಜಾಗಾ. ಅಲ್ಲಿ ನಿಂತು ಒಳಗಿನ ಮಾತು ಕದ್ದು ಕೇಳಾಂವಗ ಈ ಹೆಸರು ಬಂತು."

ಗುಳಿ ಬೀಳದ ಜಾಗದಲ್ಲಿ ಮಳೆಯುದ್ದಕ್ಕೂ ಒಬ್ಬ ನಿಂತಿದ್ದ, ಹನಿಗಳು ಅವನ ಹೆಗಲ ಮೇಲೆ ಬಿದ್ದವು, ತುಕ್ಕಿನ ಕಲೆ ಒಗೆದರೂ ಹೋಗಲಿಲ್ಲ ಎಂದು ವಿವರಿಸಿದರು. ಕರೆಪ್ಪ ಮಳೆಗೆ ಮೊದಲೇ ಬಸ್ಸು ಹತ್ತಿದ್ದನ್ನು ನಾವು ಬಂದ ಬಸ್ಸಿನ ಕಂಡಕ್ಟರನೂ ಹೇಳಿದ್ದ. ಅಮೋಘಿಗೆ ನಿಡೋಣಿಯ ಹೆಸರು ಗೊತ್ತಿರಬೇಕಾದರೆ ಕಿಟಕಿಯಲ್ಲೇ ಕೇಳಿರಬೇಕು.

ಅಮೋಘಿ ತಲೆ ಎತ್ತಲಿಲ್ಲ. "ನನ್ನ ಕೇಳದ ಅಣ್ಣ ಮಾತು ಕೊಟ್ಟ ಅಂತ ಸಿಟ್ಟಿಲೆ ದಬ್ಬಿದ್ನಿ. ಹೊಸ್ತಿಲ ಕಲ್ಲು ಬಡೀತು. ನನ್ನ ಸಾಕಿದಾಂವ ಅಂವ."

"ದಬ್ಬಿದಾಂವನ್ನ ನೋಡಿದ್ರೂ ಅಪ್ಪ ಹೆಸರ್ಯಾಕ ಬರೀಲಿಲ್ರಿ?" ಎಂದು ಹೊಳೆವ್ವ ಕೇಳಿದಳು.

"ತಮ್ಮನ ಹೆಸರು ಬರಿಯಾಕ ಕೈ ಬಂದಿರಲಿಕ್ಕಿಲ್ಲವ್ವಾ," ಎಂದರು ಬಾಯಾರು.

ಜೀಪು ಹೊರಡುವ ಮೊದಲು ಹೊಳೆವ್ವ ಒಂದು ತಂಬಿಗೆ ನೀರು ತಂದು ಚಿಕ್ಕಪ್ಪನ ಮುಂದಿಟ್ಟು ಕುಳಿತಳು. ಅವನು ಅದನ್ನು ಮುಟ್ಟಲಿಲ್ಲ. ಅವಳೂ ಏಳಲಿಲ್ಲ.