ಹಾಲವ್ವಳ ಉಬುಂಟು

"ಏನ್ ಮಾಡೀರಿ ನನ್ನ ಕಂಪ್ಯೂಟರಿಗೆ?!"

ಊಟ ಮುಗಿಸಿ ಬಂದ ಗ್ರಂಥಪಾಲಕಿ ಹಾಲವ್ವ ಮಾಸೂರಿನ ಗ್ರಂಥಾಲಯದ ಬಾಗಿಲಲ್ಲೇ ಕೂಗಿಬಿಟ್ಟಳು. ಒಳಗೆ ಸ್ಕ್ರೂಡ್ರೈವರ್ ಹಿಡಿದು ಕುಳಿತಿದ್ದ ಚನ್ನೇಶ ಗಾಬರಿಯಿಂದ ಎದ್ದು ನಿಂತ.

ಹಿರೇಕೆರೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಈ ಮೀಸೆಯ ಹುಡುಗ ಹೋದ ವಾರವಷ್ಟೇ ಅವಳನ್ನು ನೋಡಲು ಬಂದಿದ್ದ. ಇಬ್ಬರಿಗೂ ಒಪ್ಪಿಗೆಯಾಗಿತ್ತು. ಗ್ರಂಥಾಲಯದ ಕಂಪ್ಯೂಟರುಗಳು ನಿಧಾನವಾಗಿವೆ ಎಂದು ಅವಳಪ್ಪ ಹೇಳಿದ್ದೇ ಸಾಕು, ಇವತ್ತು ಬೆಳಿಗ್ಗೆಯೇ ಹಾಜರ್!

ಇಷ್ಟು ದಿನ ಕಂಪ್ಯೂಟರನ್ನು ನಡೆಸಿದ್ದು ಉಬುಂಟು ಎಂಬ ತಂತ್ರಾಂಶ. ಈಗ ನೋಡಿದರೆ ಪರದೆಯೇ ಬೇರೆ. ಎಡಕ್ಕಿದ್ದ ಚಿತ್ರಗಳ ಸಾಲು ಮಾಯ. ಮೂಲೆಯಲ್ಲೊಂದು ಇಲಿಯ ಚಿತ್ರ!

"ನನ್ನ ಉಬುಂಟು ಎಲ್ಲಿ? ಹುಡುಗ್ಯಾರಿಗೆ ಅದರಾಗ ಕಲಿಸೇನಿ... ಬರೆದಿಟ್ಟ ಪಾಠ ಎಲ್ಲಾ ಹೋತಲ್ರೀ!"

"ಹಂಗಲ್ರೀ, ಉಬುಂಟು ಅಲ್ಲೇ ಐತಿ..."

"ಕಣ್ಣಿಗೆ ಕಾಣಾಕತ್ತೈತಲ್ಲ! ಕೇಳದೇ ಬದಲಿ ಮಾಡೂದು ನಿಮ್ಮ ಮನಿ ಪದ್ಧತಿ ಏನ್ರಿ?"

ಚನ್ನೇಶ ಸ್ಕ್ರೂಡ್ರೈವರ್ ಕೆಳಗಿಟ್ಟ. ಇದು ಬರೀ ಕಂಪ್ಯೂಟರಿನ ಸಿಟ್ಟಲ್ಲ ಎಂದು ಅವನಿಗೂ ಗೊತ್ತಾಯಿತು.

ಹೋದ ವಾರ ಅವನ ದೊಡ್ಡವ್ವ ಚಹಾ ಕುಡಿಯುತ್ತ ಅಂದಿದ್ದಳು: "ಹುಡುಗಿ ಚಲೋ ಅದಾಳ. ಹೆಸರಷ್ಟ ಹಳೇದಾತು. ಲಗ್ನದಾಗ ಶ್ವೇತಾ ಅಂತ ಇಡೂಣು."

ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದು ಅವರ ಮನೆಯ ರೂಢಿ. ಆದರೆ ಹಾಲವ್ವ ಎಂಬುದು ಇವಳನ್ನು ಎತ್ತಿ ಆಡಿಸಿದ ಅಜ್ಜಿಯ ಹೆಸರು. ಏನಾದರೂ ಅಂದಾನು ಎಂದು ಅವಳು ಚನ್ನೇಶನ ಮುಖ ನೋಡಿದಳು. ಆ ಮಹಾರಾಯ ಅವಲಕ್ಕಿ ಚೂಡಾ ತಿನ್ನುತ್ತ ಕುಳಿತಿದ್ದ!

"ಇವತ್ತು ಕಂಪ್ಯೂಟರು, ನಾಳೆ ಹೆಸರು, ನಾಡಿದ್ದ ನಾನ... ನನಗ ಈ ಸಂಬಂಧ ಬ್ಯಾಡ್ರಿ."

ಚನ್ನೇಶನ ಮುಖ ಸಣ್ಣದಾಯಿತು.

"ಲಾಗಿನ್ ಆಗೂ ಮುಂದ ಮೂಲ್ಯಾಗ ಒಂದು ಚಕ್ರ ಇರತೈತಿ. ಒತ್ತಿ ನೋಡ್ರಿ," ಎಂದಷ್ಟೇ ಹೇಳಿ ಬೈಕ್ ಹತ್ತಿ ಹೋದ.

ಹೋದದ್ದೇ ತಡ, ಅವಳ ಕಣ್ಣು ತುಂಬಿತು. ಸಿಟ್ಟು ಬಂದಿತ್ತು ನಿಜ. ಹಾಗಂತ ಹೋಗಿಯೇ ಬಿಡಬೇಕೇ?

ಕಣ್ಣೊರೆಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಳು. ಪಾಠಗಳೆಲ್ಲ ಇಟ್ಟಲ್ಲೇ ಇದ್ದವು, ಒತ್ತಿದ ಕೂಡಲೇ ತೆರೆದವು. ಲಾಗೌಟ್ ಆಗಿ ಆ ಚಕ್ರ ಒತ್ತಿದಳು. ಎರಡು ಹೆಸರು ಬಂದವು. ಹಳೆಯದನ್ನು ಆರಿಸಿದರೆ... ಅಯ್ಯೋ, ಅವಳ ಅದೇ ಪರದೆ!

'ಏನೂ ತೆಗೆದಿಲ್ಲ ಇವ್ರು... ನಾನ ಸುಮ್ನ ಬೈದೆ. ಆದ್ರ ಹೆಸರು?'

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬೈಕಿನ ಸದ್ದು ಕೇಳಿತು. ಚನ್ನೇಶ ಇಳಿದು ಬಂದ.

"ಪಾಠ ಎಲ್ಲಾ ಅದಾವ್ರಿ," ಎಂದಳು ನೆಲ ನೋಡುತ್ತ. "ಉಬುಂಟುನ ಹೋತು ಅಂತ ತಿಳಿದಿದ್ದೆ."

"ಉಬುಂಟು ಅನ್ನೂದು ಡಿಸ್ಟ್ರೋ ರೀ. ಒಳಗಿನ ಪ್ರೋಗ್ರಾಮು, ಅಪ್‌ಡೇಟು ಎಲ್ಲಾ ಕೂಡಿಸಿ ಕೊಡೂದು ಅದ. ಅದನ್ನ ತೆಗೆದಿಲ್ಲ. ಮ್ಯಾಲ ಕಾಣೂ ಮೆನು, ಕಿಟಕಿ, ಅದಷ್ಟ ಡೆಸ್ಕ್‌ಟಾಪ್. ಹಳೇ ಮಷಿನ್ನಿಗೆ ಅದು ಭಾರ ಆಗಿತ್ತು. ಹಗುರಂದೊಂದು ಬಾಜೂಕ ಇಟ್ಟೆ. ಆದ್ರ ನಿಮ್ಮನ್ನ ಕೇಳಬೇಕಿತ್ತು. ತಪ್ಪಾತು."

"ಮತ್ತ... ಅವತ್ತಿನ ಚೂಡಾ?"

ಅವನ ಕಿವಿ ಕೆಂಪಾದವು. "ಹಿರ್ಯಾರ ಮುಂದ ಬಾಯಿ ಬರಲಿಲ್ರಿ. ಈಗ ಹೇಳಿ ಬಂದೇನಿ. ಹೆಸರು ಡೆಸ್ಕ್‌ಟಾಪ್ ಅಲ್ಲ, ಡಿಸ್ಟ್ರೋ. ಅದನ್ನ ಮುಟ್ಟಂಗಿಲ್ಲ ಅಂದೆ."

"ದೊಡ್ಡವ್ವಗ ತಿಳೀತೇನ್ರಿ?"

"ಜ್ವರ ಬಂದಾವೇನು ಅಂತ ಹಣಿ ಮುಟ್ಟಿ ನೋಡಿದ್ಲು!"

ಹಾಲವ್ವ ಕಿಸಕ್ಕನೆ ನಕ್ಕಳು.

"ಆಮ್ಯಾಲ ಸೀದಾ ಹೇಳಿದೆ. ಅಕಿ ಬಂದ್ರ ಹಾಲವ್ವ ಆಗೇ ಬರಬೇಕು ಅಂತ. ಎರಡು ಸಲ ಹಾಲವ್ವ, ಹಾಲವ್ವ ಅಂತ ಅಂದು ನೋಡಿ, ಬಾಯಿಗೆ ರೂಢಿ ಆಗ್ತೈತಿ ತಗೋ ಅಂದ್ಲು. ಇನ್ನ ನೀವು ಹೇಳ್ಬೇಕು."

ಅವಳು ಬಾಗಿಲಿಗೆ ಕೀಲಿ ಹಾಕಿದಳು. ಆಮೇಲೆ ಮೆಲ್ಲಗೆ ತಲೆ ಎತ್ತಿದಳು.

"ಒಂದು ಕೇಳ್ಲೇನ್ರಿ? ನಿಮ್ಮ ಈ ಮೀಸಿ... ಡೆಸ್ಕ್‌ಟಾಪೋ, ಡಿಸ್ಟ್ರೋನೋ?"

ಅವನ ಕೈ ತಾನಾಗಿಯೇ ಮೀಸೆಗೆ ಹೋಯಿತು.

"ಡೆಸ್ಕ್‌ಟಾಪ್ ರೀ... ಲಗ್ನದಾಗ ಬ್ಯಾಡಂದ್ರ ತಗಸ್ತೇನಿ."

"ತಗಸಬ್ಯಾಡ್ರಿ. ಲಗ್ನದಾಗೂ ಇರಲಿ, ಚಂದ ಕಾಣ್ತೈತಿ. ಕೇಳ್ಬೇಕಂತ ಕೇಳಿದೆ, ಅಷ್ಟ."

ಚನ್ನೇಶನಿಗೆ ಉತ್ತರ ಸಿಕ್ಕಿತ್ತು. ಮುಖವೆಲ್ಲ ನಗುವಾಗಿ ನಿಂತ.

"ಹಾಲವ್ವ..."

"ಹೂಂ?"

"ಏನಿಲ್ಲ. ಕರೀಬೇಕಂತ ಕರೆದೆ."