ನೀಲಿ ದೋಣಿಯ ಚುಕ್ಕಾಣಿ

"ಅಪ್ಪಾ, ಚುಕ್ಕಾಣಿ ಎಲ್ಲಿ?"

ಮಗಳು ಕೂಗಿದ ರಭಸಕ್ಕೆ ನಾವೆಲ್ಲ ದೋಣಿಯ ಹಿಂಬದಿಗೆ ಓಡಿದೆವು. ನಿನ್ನೆ ಸಂಜೆ ಅಲ್ಲೇ ಇದ್ದ ಮರದ ಚುಕ್ಕಾಣಿ ಮಾಯ! ಅದನ್ನು ಸಿಕ್ಕಿಸುವ ಹಿತ್ತಾಳೆಯ ಕೊಂಡಿಗಳು ಮಾತ್ರ ಬೋಳು ಬೋಳಾಗಿ ಕಾಣುತ್ತಿದ್ದವು.

ಹಳೆಯ ಹಾಯಿದೋಣಿಯೊಂದಕ್ಕಾಗಿ ಸರೋವರದ ದಂಡೆಯುದ್ದಕ್ಕೂ ಚಪ್ಪಲಿ ಸವೆಸಿದ್ದೆ. ಒಂದರಲ್ಲಿ ಕಾಲು ಚಾಚಲು ಜಾಗವಿಲ್ಲ. ಇನ್ನೊಂದು ಪಂದ್ಯದ ದೋಣಿ, ಸೀನಿದರೆ ಮಗುಚುತ್ತದೆ. ಕೊನೆಗೆ ಸಿಕ್ಕಿದ್ದು ಈ ನೀಲಿಯದು—ಅಗಲ ಹೊಟ್ಟೆ, ಹೊಚ್ಚ ಹೊಸ ಹಾಯಿ, ಸಂಸಾರಸ್ಥರಿಗೆ ಹೇಳಿ ಮಾಡಿಸಿದ್ದು. ಇವತ್ತು ನೀರಿಗಿಳಿಸಿ ನೋಡಿದ ಮೇಲೆ ಖರೀದಿಸುವುದೆಂದು ಮಾತಾಗಿತ್ತು.

"ನನ್ನ ಮಕ್ಕಳು ಆಡಿ ಬೆಳೆದ ದೋಣಿ!" ಮಾರುತ್ತಿದ್ದ ಗಣಿತದ ಮೇಷ್ಟ್ರು ತಲೆಯ ಮೇಲೆ ಕೈಹೊತ್ತರು. "ಯಾರ ಕಣ್ಣು ಬಿತ್ತೋ!"

"ಯಾರದ್ದು ಅಂತ ನಂಗೊತ್ತು." ದೋಣಿಗಳನ್ನಿಡುವ ಆ ಅಂಗಳದ ಯಜಮಾನರು ಪಕ್ಕದಲ್ಲಿದ್ದ ಹಲ್ಲಿನ ಡಾಕ್ಟರ ಕಡೆ ಓರೆನೋಟ ಬೀರಿದರು. ಈ ನೀಲಿ ದೋಣಿ ನಮಗೆ ತಪ್ಪಿದರೆ ತನಗಿರಲಿ ಎಂದು ಡಾಕ್ಟರು ನಿನ್ನೆಯೇ ಹೇಳಿಟ್ಟಿದ್ದರು.

ನನ್ನ ಹೆಂಡತಿಯ ಅಕ್ಕ, ಅಂದರೆ ಅತ್ತಿಗೆ, ಕನ್ನಡಕ ಏರಿಸಿದರು. ವಿಮಾ ಕಂಪನಿಗೆ ಅಪಘಾತಗಳ ತನಿಖೆ ಮಾಡುವುದು ಅವರ ಕೆಲಸ. ಅವರ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ.

"ಗೇಟಿಗೆ ಬೀಗ ಇತ್ತಾ?"

"ಇತ್ತು. ಇಲ್ಲಿ ದೋಣಿ ಇಟ್ಟವರೆಲ್ಲರ ಹತ್ರ ಕೀಲಿ ಇದೆ," ಎಂದರು ಯಜಮಾನರು. "ಮೇಷ್ಟ್ರ ಹತ್ರ, ಡಾಕ್ಟ್ರ ಹತ್ರ—"

"ಡಾಕ್ಟ್ರೇ, ಬೆಳಿಗ್ಗೆ ಮೊದಲು ಬಂದಿದ್ದು ಯಾರು?"

"ನಾನೇ. ನನ್ನ ಪುಟ್ಟ ದೋಣಿ ತೊಳೀತಿದ್ದೆ. ಅಲ್ಲಾ, ಹಲ್ಲು ಕೀಳೋನು ಚುಕ್ಕಾಣೀನೂ ಕೀಳ್ತಾನೆ ಅಂತಾನಾ?" ಡಾಕ್ಟರ ಮುಖ ಕೆಂಪಾಯಿತು.

ಮೇಷ್ಟ್ರು ನಡುವೆ ಬಂದರು. "ಜಗಳ ಯಾಕೆ? ಹೊಸ ಚುಕ್ಕಾಣಿ ನಾನೇ ಮಾಡಿಸಿ ಕಳಿಸ್ತೀನಿ. ನೀವು ದೋಣಿ ಈಗಲೇ ಒಯ್ದುಬಿಡಿ. ತಡ ಮಾಡಿದ್ರೆ ಡಾಕ್ಟ್ರು ಬಿಡಲ್ಲ!"

ನಿಜವಲ್ಲವೇ? ನಾನು 'ಆಯ್ತು' ಎನ್ನಲು ಬಾಯಿ ತೆರೆದಿದ್ದೆ.

"ಒಂದ್ನಿಮಿಷ!"

ಅತ್ತಿಗೆ ಒದ್ದೆ ಮರಳಲ್ಲಿ ಕುಕ್ಕರಗಾಲಲ್ಲಿ ಕೂತು ನೀಲಿ ದೋಣಿಯನ್ನು ಹೊತ್ತ ಕೈಗಾಡಿಯ ಚಕ್ರ ನೋಡುತ್ತಿದ್ದರು. ಆಮೇಲೆ ಪಕ್ಕದ ಹಳದಿ ದೋಣಿಯದನ್ನು ನೋಡಿದರು. ಅದು ಯಜಮಾನರದು, ಮಾರಾಟಕ್ಕಿದ್ದರೂ ಬಣ್ಣ ಮಾಸಿದ್ದರಿಂದ ಯಾರೂ ತಿರುಗಿ ನೋಡಿರಲಿಲ್ಲ.

"ಇವೆರಡೂ ಒಂದೇ ತರದ್ದಲ್ವಾ?"

"ಅವಳಿ-ಜವಳಿ. ನಿನ್ನೆ ಸಂಜೆ ಎರಡನ್ನೂ ಒಟ್ಟಿಗೇ ಶೆಡ್ಡಿಂದ ತಂದು ನಿಲ್ಲಿಸಿದ್ದು," ಎಂದರು ಯಜಮಾನರು.

"ಸರಿ. ನೀಲಿಯದನ್ನ ಸ್ವಲ್ಪ ಎತ್ತಿ."

"ಬೇಡ ಬೇಡ, ತಳಕ್ಕೆ ಗೀರು ಬೀಳುತ್ತೆ!" ಎಂದರು ಮೇಷ್ಟ್ರು.

ನಾವು ಕೇಳಲಿಲ್ಲ. ನಾನು, ಡಾಕ್ಟರು, ಯಜಮಾನರು ಮೂವರೂ ಹಲ್ಲು ಕಚ್ಚಿ ಎತ್ತಿದೆವು. ದೋಣಿ ಜಪ್ಪಯ್ಯ ಅನ್ನಲಿಲ್ಲ! ಇಬ್ಬರು ಹೂವಿನ ಹಾಗೆ ಎತ್ತಬಹುದು ಎಂದಿದ್ದು ಇದೇ ಮೇಷ್ಟ್ರು.

ಅತ್ತಿಗೆ ಎದ್ದುನಿಂತರು.

"ಹೊಸ ಹಾಯಿ ಇಲ್ಲೇ ಇದೆ. ಮಡಚಿ ಬಗಲಲ್ಲಿ ಇಟ್ಕೊಂಡು ಹೋಗಬಹುದಿತ್ತು. ಕಳ್ಳ ಅದನ್ನ ಬಿಟ್ಟು ಹಳೇ ಮರದ ಹಲಗೆ ಒಯ್ದ. ಯಾಕೆ? ಅವನಿಗೆ ವಸ್ತು ಬೇಕಿರಲಿಲ್ಲ. ಈ ದೋಣಿ ಇವತ್ತು ನೀರಿಗೆ ಇಳೀಬಾರದಿತ್ತು, ಅಷ್ಟೇ."

"ಅಂದ್ರೆ ಡಾಕ್ಟ್ರು—" ಎಂದೆ ನಾನು.

"ನೀವು ನೀರಿಗಿಳಿಸಿ ನೋಡಿ ಬೇಡ ಅಂದಿದ್ರೆ ಡಾಕ್ಟ್ರಿಗೇ ಲಾಭ, ಅವರ್ಯಾಕೆ ತಡೀತಾರೆ? ಪರೀಕ್ಷೆ ಮಾಡದೇ ತಗೊಳ್ಳಿ ಅಂತ ಅವಸರ ಮಾಡಿದ್ದು ಯಾರು? ಚಕ್ರ ನೋಡಿ! ಹಳದಿಯದು ಮರಳಿಗೆ ತಾಗಿದೆ ಅಷ್ಟೇ, ನೀಲಿಯದು ಹೂತು ಹೋಗಿದೆ. ಎಲ್ಲರ ಕಣ್ಣ ಮುಂದೆ ಇತ್ತು, ನಾವೆಲ್ಲ ಹೊಳೆಯೋ ಬಣ್ಣ ನೋಡ್ತಿದ್ವಿ."

ಅವರು ಹಿಂಬದಿಯ ದುಂಡು ಮುಚ್ಚಳ ತಿರುಗಿಸಿದರು. ಗಾಳಿಯಷ್ಟೇ ಇರಬೇಕಾದ ಪೊಳ್ಳಿನಲ್ಲಿ ಹಸಿರು ನೀರು ತುಳುಕಿತು!

"ಮಗುಚಿದಾಗ ದೋಣೀನ ತೇಲಿಸೋದು ಈ ಗಾಳಿ ಗೂಡು. ಇದು ತೇಲಿಸಲ್ಲ, ಮುಳುಗಿಸುತ್ತೆ. ಚುಕ್ಕಾಣಿ ನಿಮ್ಮ ಕಾರಲ್ಲಿದೆಯಾ ಮೇಷ್ಟ್ರೇ, ಮನೇಲಾ?"

ಮೇಷ್ಟ್ರು ಜೇಬಿನಲ್ಲಿದ್ದ ಕಾರಿನ ಕೀಲಿ ತಡವಿದರು. "ಕಾರಲ್ಲಿ... ತಳ ಬಿರುಕು ಬಿಟ್ಟಿತ್ತು. ಬಣ್ಣ ಹೊಡೆದ್ರೆ ನೀರು ನುಗ್ಗೋದು ನಿಲ್ಲುತ್ತೆ ಅಂದ್ಕೊಂಡೆ."

"ನನ್ನ ಮಗಳು ಇದರಲ್ಲಿ ಕೂರೋಳಿದ್ಲು!" ನಾನು ಕೂಗಿದೆ. ಅವರು ಅವಳತ್ತ ಒಮ್ಮೆ ನೋಡಿ, ತಲೆ ತಗ್ಗಿಸಿ ಹೊರಟುಹೋದರು.

ನಾನೂ ಡಾಕ್ಟರೂ ಒಟ್ಟಿಗೇ ಹಳದಿ ದೋಣಿಯತ್ತ ತಿರುಗಿದೆವು. ಅತ್ತಿಗೆ ಆಗಲೇ ಅದರ ಮುಚ್ಚಳ ತೆಗೆದು ತೋಳುದ್ದ ಕೈಹಾಕಿದ್ದರು. ಹೊರಬಂದ ಬೆರಳಿಗೆ ಅಂಟಿದ್ದು ಧೂಳು ಮಾತ್ರ.

"ಡಾಕ್ಟ್ರೇ, ಕ್ಷಮಿಸಿ. ಇದು ನಮ್ಮದು," ಎಂದರು.

ಎಲ್ಲರೂ ತೇಲುಅಂಗಿ ಬಿಗಿದುಕೊಂಡೆವು. ಯಜಮಾನರು ದಂಡೆಯಿಂದ ನೂಕಿದರು. ಗಾಳಿ ಹಾಯಿಯನ್ನು ಪಟಾರನೆ ಬಡಿದು ತುಂಬಿತು, ದೋಣಿ ವಾಲಿತು, ನಾವೆಲ್ಲ ಕಿರುಚಿದೆವು. ಮಗಳು ಮಾತ್ರ ಚುಕ್ಕಾಣಿ ಬಿಡಲಿಲ್ಲ.