ಚಿಕೋರಿ ಬೆರೆಸಿದ್ದು ಯಾರು?

"ಇದಕ್ಕೆ ಹಾಕಿರೋ ಕಾಫಿ ಸರಿಯಿಲ್ಲ."

ಮೊದಲ ಸಲ ಅಂಗಡಿಗೆ ಕಾಲಿಟ್ಟ ಗಿರಾಕಿ ಬಾಯಲ್ಲಿ ಚಮಚ ಇಟ್ಟುಕೊಂಡೇ ಹೀಗೆ ಹೇಳಿದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಕೇಕ್ ಅಂಗಡಿ ಇಟ್ಟಿದ್ದ ಗಗನಾಳಿಗಂತೂ ಉರಿದೇ ಹೋಯಿತು.

ಅವನು ತಿನ್ನುತ್ತಿದ್ದದ್ದು ತಿರಾಮಿಸು. ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಒಂದು ಪದರ, ಚೀಸ್ ಕೆನೆಯ ಒಂದು ಪದರ, ಮತ್ತೆ ಹಾಗೆಯೇ ಇನ್ನೊಂದು ಸುತ್ತು, ಮೇಲೆ ಕೋಕೋ ಪುಡಿ. ಇಟಲಿಯವರ ಈ ಸಿಹಿಯನ್ನು ಕಲಿಯಲು ಅವಳು ತಿಂಗಳುಗಟ್ಟಲೆ ಒದ್ದಾಡಿದ್ದಳು.

"ಏನ್ ಸರಿಯಿಲ್ಲ?"

"ಇದು ಇನ್‌ಸ್ಟಂಟ್ ಪುಡಿ ಅಲ್ವಾ? ಕಾಫಿ ಸೀಮೇಲಿ ಕೂತ್ಕೊಂಡು ಬಾಟ್ಲಿ ಪುಡಿ ಹಾಕ್ತೀರಲ್ಲ... ನಾನು ಬಾಳೂರಿನ ರಾಜೀವ್. ನಮ್ ತೋಟದ ಪುಡಿ ತಂದ್ಕೊಡ್ತೀನಿ, ಹಾಕಿ ನೋಡಿ."

ಓಹೋ... ವ್ಯಾಪಾರಕ್ಕೆ ಬಂದವನು. ಗಗನಾ ಮನಸ್ಸಿನಲ್ಲೇ ನಕ್ಕಳು.

ಅವಳ ಅನುಮಾನಕ್ಕೂ ಕಾರಣವಿತ್ತು. ಹಿಂದೆ ನಿಶ್ಚಿತಾರ್ಥವಾಗಿದ್ದ ಹುಡುಗನಿಗೆ ಬೇರೊಬ್ಬಳು ಇದ್ದಾಳೆಂದು ಊರಿಗೆಲ್ಲ ಗೊತ್ತಿತ್ತು, ಇವಳೊಬ್ಬಳನ್ನು ಬಿಟ್ಟು. ಆ ಸಂಬಂಧ ಮುರಿದ ಮೇಲೆ ಯಾವ ಗಂಡಸು ನಗುತ್ತಾ ಮಾತಾಡಿದರೂ ಅವಳ ತಲೆಯಲ್ಲಿ ಒಂದೇ ಪ್ರಶ್ನೆ... ಇವನು ಏನು ಮುಚ್ಚಿಡುತ್ತಿದ್ದಾನೆ?

ಆದರೂ ರಾಜೀವ್ ಬಂದ. ಒಂದು ಸಲವಲ್ಲ, ವಾರ ವಾರವೂ ಬಂದ. ಹಗುರಾಗಿ ಹುರಿದ ಅರೇಬಿಕಾ ತಳಿಯ ಪುಡಿ ತಂದ, ಕೆನೆಯ ನಡುವೆ ಅದರ ರುಚಿ ಎಲ್ಲಿ ಹೋಯಿತೋ ಗೊತ್ತೇ ಆಗಲಿಲ್ಲ. ಬರೀ ರೋಬಸ್ಟಾ ತಂದ, ನಾಲಿಗೆ ಒಗರಾಯಿತು. ಕೊನೆಗೆ ಅರೇಬಿಕಾಕ್ಕೆ ಸ್ವಲ್ಪವೇ ರೋಬಸ್ಟಾ ಸೇರಿಸಿ, ತುಸು ಕಪ್ಪಗೆ ಹುರಿದು ತಂದ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಆರಿಸಿ, ಬಿಸ್ಕತ್ತು ಅದ್ದಿ... ಮರುದಿನ ಇಬ್ಬರೂ ಒಂದೇ ಪ್ಲೇಟಿನಿಂದ ತಿಂದರು.

"ಇದೇ," ಎಂದಳು ಗಗನಾ.

"ಇದೇ," ಎಂದ ಅವನೂ. ಆದರೆ ಅವನು ನೋಡುತ್ತಿದ್ದದ್ದು ಪ್ಲೇಟನ್ನಲ್ಲ.

ಗಗನಾ ಚಮಚ ಕೆಳಗಿಟ್ಟಳು. 'ಬೇಡ ಗಗನಾ... ಒಂದು ಸಲ ಮೋಸಹೋಗಿದ್ದು ಸಾಲದಾ?'

"ನೋಡಿ, ನಂಗೆ ಚಿಕೋರಿ ಇರೋ ಪುಡಿ ಆಗಲ್ಲ. ತಿರಾಮಿಸು ರುಚಿನೇ ಕೆಟ್ಟೋಗುತ್ತೆ. ಬೆರೆಸಲ್ಲ ಅಂತ ಮಾತು ಕೊಡಿ."

"ಕೊಟ್ಟೆ ಮಾರಾಯ್ರೆ."

ದೇವರಮನೆ ಬೆಟ್ಟದ ಕಡೆಯ ಒಂದು ಹೋಂಸ್ಟೇಯವರು ತಿರಾಮಿಸುವಿಗೆ ಆರ್ಡರ್ ಕೊಡುವ ಮೊದಲು ರುಚಿ ನೋಡಲು ಬರುವವರಿದ್ದರು. ಅದಕ್ಕೆಂದೇ ರಾಜೀವ್ ಹೊಸ ಪುಡಿ ತಂದುಕೊಟ್ಟ. ಹೋಗುವಾಗ ಬಾಗಿಲಲ್ಲಿ ನಿಂತ. ಅವನ ಕಿವಿ ಕೆಂಪಾಗಿತ್ತು.

"ಭಾನುವಾರ ಅಮ್ಮನ್ನ ನಿಮ್ಮನೆಗೆ ಕರ್ಕೊಂಡ್ ಬರ್ಲಾ?"

"ನಾಳೆ ಹೇಳ್ತೀನಿ," ಎಂದಳು. ಹೂಂ ಎನ್ನಬೇಕೆಂದು ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಆದರೆ ಹೊಸ ಪುಡಿಯಿಂದ ಇಳಿಸಿದ ಡಿಕಾಕ್ಷನ್... ಅಷ್ಟು ಕಪ್ಪು, ಅಷ್ಟು ಮಂದ. ಗಗನಾ ಗಾಜಿನ ಲೋಟದ ತಣ್ಣೀರಿಗೆ ಚಿಟಿಕೆ ಪುಡಿ ಉದುರಿಸಿದಳು. ಬರೀ ಕಾಫಿಯಾಗಿದ್ದರೆ ತೇಲಬೇಕಿತ್ತು. ಒಂದಷ್ಟು ತೇಲಿತು, ಉಳಿದದ್ದು ನೀರಿಗೆ ಕಂದು ಬಣ್ಣ ಬಿಡುತ್ತಾ ತಳಕ್ಕಿಳಿಯಿತು.

ಚಿಕೋರಿ.

ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಪುಡಿಯಲ್ಲೇ ಹೇಗೋ ಮಾಡಿ, ಸಂಜೆ ಬಂದ ಹೋಂಸ್ಟೇಯವರನ್ನು ಒಪ್ಪಿಸಿದಳು. ಅವರು ಹೋದ ಮೇಲೆ ಕೂತು ಅತ್ತಳು. ಅತ್ತದ್ದು ಪುಡಿಗಲ್ಲ, ಮತ್ತೆ ನಂಬಿದೆನಲ್ಲ ಎಂದು.

ಮರುದಿನ ಉತ್ತರ ಕೇಳಲು ಬಂದ ರಾಜೀವನ ಮುಂದೆ ಪುಡಿಯ ಪೊಟ್ಟಣ ಇಟ್ಟಳು.

"ತಿಂದು ನೋಡಿ."

ಅವನು ಚಿಟಿಕೆ ನಾಲಿಗೆಗೆ ಹಾಕಿಕೊಂಡ. ಮುಖ ಬಿಳಿಚಿಕೊಂಡಿತು.

"ಯಾರು ಬೆರೆಸಿದ್ದು ಅಂತ ಗೊತ್ತಾ ನಿಮ್ಗೆ?"

"...ಗೊತ್ತು."

"ಯಾರು?"

ಅವನು ಪೊಟ್ಟಣದ ಬಾಯಿ ಮಡಚಿದ.

"ಹೇಳಿ ರಾಜೀವ್."

"ತಪ್ಪು ನಂದೇ ಅಂತ ಇಟ್ಕೊಳ್ಳಿ. ಬೇರೆ ಪುಡಿ ತಂದ್ಕೊಡ್ತೀನಿ. ಅದೊಂದು ಕೇಳ್ಬೇಡಿ."

ಮುಚ್ಚಿಡುತ್ತಿದ್ದಾನೆ... ಇವನೂ!

"ಭಾನುವಾರ ಯಾರೂ ಬರೋದ್ ಬೇಡ," ಎಂದು ಗಗನಾ ಒಳಗೆ ನಡೆದುಬಿಟ್ಟಳು.

ಎರಡು ದಿನ ಕಳೆದಿರಬೇಕು. ಮಧ್ಯಾಹ್ನ ಒಬ್ಬ ಹೆಂಗಸು ಕೈಚೀಲ ಹಿಡಿದು ಅಂಗಡಿಗೆ ಬಂದರು. ಬಂದವರೇ ಗಗನಾಳನ್ನು ಕಣ್ತುಂಬ ನೋಡಿದರು.

"ನಾನು ರಾಜೀವನ ಅಮ್ಮ, ಕೃಷ್ಣಮ್ಮ. ಪೇಟೆಗೆ ಬಂದಿದ್ದೆ. ಡಿಕಾಕ್ಷನ್ ಗಟ್ಟಿ ಬಂತಾ ಮಗಾ?"

"ಯಾವ ಡಿಕಾಕ್ಷನ್ ಅಮ್ಮ?"

"ಅದೇ, ಇವ್ನು ತಂದ್ಕೊಟ್ನಲ್ಲ. ಬರೀ ಪುಡಿ ಕಟ್ಟಿಟ್ಟಿದ್ದ ನೋಡು. ಗಂಡು ಹುಡ್ಗ, ಮರೆತಿದಾನೆ ಅಂತ ನಾನೇ ಚಿಕೋರಿ ಬೆರೆಸ್ದೆ. ಚಿಕೋರಿ ಇಲ್ದೆ ಯಾರಾದ್ರೂ ಇನ್ನೊಬ್ರ ಮನೆಗೆ ಪುಡಿ ಕಳಿಸ್ತಾರಾ? ನಿಮ್ಮಲ್ಲಿಗೆ ಯಾರೋ ಬರ್ತಾರೆ ಅಂದಿದ್ದ, ಅವ್ರ ಎದ್ರು ನಿನ್ ಕಾಫಿ ನೀರ್ ನೀರಾಗ್ಬಾರ್ದು ಅಂತ ಒಂಚೂರು ಜಾಸ್ತಿನೇ ಹಾಕ್ದೆ."

ಪಾಪ, ಈ ತಾಯಿಗೆ ಕಾಫಿ ಪುಡಿ ಎಂದರೆ ಕುಡಿಯುವುದಕ್ಕೆ ಮಾತ್ರ.

"ಗಟ್ಟಿ... ಗಟ್ಟಿಯಾಗೇ ಬಂತು ಅಮ್ಮ."

"ಹಾಗಾದ್ರೆ ಸರಿ. ಇವ್ನಿಗೇನಾಗಿದೆಯೋ, ಸರಿಯಾಗಿ ಊಟಾನೂ ಮಾಡ್ತಿಲ್ಲ. ಹೊರಗೆ ಜೀಪಲ್ಲಿ ಕೂತಿದಾನೆ, ಬಾ ಅಂದ್ರೆ ಬರಲ್ಲ."

ಕೃಷ್ಣಮ್ಮನವರನ್ನು ಕೂರಿಸಿ, ಎದುರಿಗೆ ಒಂದು ಪ್ಲೇಟ್ ತಿರಾಮಿಸು ಇಟ್ಟು, ಗಗನಾ ಹೊರಗೆ ಓಡಿದಳು. ರಾಜೀವ್ ತಲೆ ತಗ್ಗಿಸಿ ಕೂತಿದ್ದ.

"ಅಮ್ಮ ಬೆರೆಸಿದ್ದು ಅಂತ ಒಂದ್ ಮಾತು ಹೇಳಿದ್ರೆ ಮುಗೀತಿತ್ತು. ಯಾಕ್ ಹೇಳ್ಲಿಲ್ಲ?"

ಅವನು ಸ್ಟೇರಿಂಗ್ ನೋಡುತ್ತಲೇ ಹೇಳಿದ.

"ನೀವು ಅಮ್ಮನ ಬಗ್ಗೆ ಕೇಳೋ ಮೊದಲ್ನೇ ಮಾತೇ ದೂರು ಆಗ್ಬಾರ್ದು ಅನ್ನಿಸ್ತು. ನೀವಿಬ್ರೂ ಒಂದೇ ಮನೇಲಿರ್ಬೇಕು ಅಂತ ಆಸೆ ಇಟ್ಕೊಂಡೋನು ನಾನು... ಬೈಗುಳ ನಂಗೇ ಇರ್ಲಿ ಅಂತ ಸುಮ್ನಾದೆ."

ಗಗನಾಳ ಕಣ್ಣು ತುಂಬಿ ಬಂತು. ಇಂಥವನಿಗೆ ಎರಡು ದಿನ ಊಟ ಬಿಡಿಸಿದೆನಲ್ಲ ಎಂದುಕೊಂಡಳು.

"ತಪ್ಪಾಯ್ತು ರಾಜೀವ್. ನಿಮ್ಮನ್ನ ತುಂಬಾ ಇಷ್ಟಪಟ್ಬಿಟ್ಟಿದ್ದೆ. ಅದಕ್ಕೇ ಅಷ್ಟು ಹೆದರಿಕೆ ಆಗಿದ್ದು."

"ಈಗ್ಲೂ ಹೆದರಿಕೆನಾ?"

"ಸ್ವಲ್ಪ ಇದೆ... ಹೋಗುತ್ತೆ ಬಿಡಿ. ಒಳಗ್ ಬನ್ನಿ, ಅತ್ತೆ ಒಬ್ರೇ ಕೂತಿದಾರೆ."

ರಾಜೀವ್ ಸರಕ್ಕನೆ ತಲೆ ಎತ್ತಿದ.

"ಯಾರು ಅಂದ್ರಿ?"

"ಅತ್ತೆ ಅಂದೆ. ಬನ್ನಿ."